ಕೆರೆಗೆ ಬಿಡಬಾರದ ಮೀನು

'ಇದು ತಳದ ಕಸವನ್ನೆಲ್ಲಾ ಕ್ಲೀನ್ ಮಾಡುತ್ತೆ ಸಾರ್' ಎಂದು ಆರ್.ಟಿ. ನಗರದ ಅಂಗಡಿಯವರು ಬೆರಳುದ್ದದ ಸಕರ್ ಮೀನು ಕೊಟ್ಟಿದ್ದರು. ಎರಡು ವರ್ಷಕ್ಕೆ ನಮ್ಮ 2 ಅಡಿ ತೊಟ್ಟಿಯಲ್ಲಿ ಅದು ಗೇಣುದ್ದ ದಾಟಿತು. ಕಸ ಕಮ್ಮಿಯಾಗಲಿಲ್ಲ, ಅದರ ಹಿಕ್ಕೆಯೇ ಹೆಚ್ಚಾಯಿತು.

'ಹೆಬ್ಬಾಳ ಕೆರೆಗೆ ಬಿಟ್ಟು ಬನ್ನಿ' ಎಂದಳು ಹೆಂಡತಿ. ದಕ್ಷಿಣ ಅಮೆರಿಕ ಮೂಲದ ಈ ಮೀನು ಕೆರೆ ಸೇರಿದರೆ ದಡದಲ್ಲಿ ಬಿಲ ತೋಡಿ ಮೊಟ್ಟೆಯಿಡುತ್ತದೆ. ಅದರ ಮುಳ್ಳಿಗೆ ಬೆಸ್ತರ ಬಲೆ ಹರಿಯುತ್ತದೆ. ಕೆರೆ ಹಾಳಾದ ಸುದ್ದಿ ಬರೆಯುವ ನಾನೇ ಬಿಡುವುದೇ? ದೊಡ್ಡ ತೊಟ್ಟಿಯಿದ್ದ ಗೆಳೆಯನಿಗೆ ಕೊಟ್ಟೆ.

ಈಗ ನುಣುಪು ಮರಳಿನ ಮೇಲೆ 6 ಕೋರಿಡೋರಾಸ್ ಮೀನುಗಳಿವೆ. ಗುಂಪಿನಲ್ಲಿದ್ದರೇ ಅವುಗಳಿಗೆ ಧೈರ್ಯ. ಮೂರು ಇಂಚು ದಾಟುವುದಿಲ್ಲ, ಗಪ್ಪಿಗಳ ತಂಟೆಗೂ ಹೋಗುವುದಿಲ್ಲ. ತಳಕ್ಕೆ ಮುಳುಗುವ ತಿಂಡಿಯನ್ನು ಬೇರೆಯಾಗಿಯೇ ಹಾಕುತ್ತೇನೆ.

ಕ್ಲೀನ್ ಮಾಡುವ ಕೆಲಸ ಈಗ ನನ್ನದು: ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸುತ್ತೇನೆ.