ಮುಖದ ಹಲಗೆ

ಗಿಟಾರ್ ಮಾಡಲು ಹೊರಟವರ ಕಣ್ಣು ಮೊದಲು ಬೀಳುವುದು ಬೀಟೆಯ ಮೇಲೆ. ಬೀಳದೆ ಇದ್ದೀತೇ? ಕಂದು-ನೇರಳೆ ಮೈಯಲ್ಲಿ ಓಡುವ ಕಪ್ಪು ಗೆರೆಗಳು, ಉಜ್ಜುಗೊರಡು ಆಡಿಸಿದರೆ ಕೋಣೆ ತುಂಬ ಪರಿಮಳ. ಬ್ರೆಜಿಲ್ ತನ್ನ ರೋಸ್‌ವುಡ್ ದಿಮ್ಮಿಗಳ ರಫ್ತು ನಿಲ್ಲಿಸಿದಾಗ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ನಮ್ಮ ಬೀಟೆಯತ್ತ ತಿರುಗಿತು. ಅಂದಿನಿಂದ ಲೋಕದ ಎಷ್ಟೋ ಗಿಟಾರುಗಳ ಬೆನ್ನು ನಮ್ಮ ಘಟ್ಟದ ಮರದ್ದೇ. ಮನೆಯಲ್ಲೇ ಕೂತು ಮಾಡುವವರಿಗೆ ಹಳೆಯ ಮಂಚದ ತಲೆಹಲಗೆ ಸಿಕ್ಕರೆ ಅದಕ್ಕಿಂತ ಭಾಗ್ಯವಿಲ್ಲ. ದಶಕಗಳ ಕಾಲ ಒಣಗಿ ಹದವಾಗಿರುತ್ತದೆ.

ಆದರೂ ಗಿಟಾರಿನ ದನಿ ಹುಟ್ಟುವುದು ಬೆನ್ನಿನಲ್ಲಲ್ಲ, ಮುಖದಲ್ಲಿ. ಸ್ಪೇನಿನ ಆಂಟೋನಿಯೊ ದೆ ತೊರೆಸ್ ಇದನ್ನು 1862ರಲ್ಲೇ ಮಾಡಿ ತೋರಿಸಿದ. ಬೆನ್ನು, ಪಕ್ಕೆ ಎರಡನ್ನೂ ಕಾಗದದ ರಟ್ಟಿನಿಂದ ಮಾಡಿ, ಮುಖಕ್ಕೆ ಮಾತ್ರ ಒಳ್ಳೆಯ ಸ್ಪ್ರೂಸ್ ಹಲಗೆ ಹಾಕಿದ. ಆ ಗಿಟಾರ್ ಈಗ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಮರ ಕೊಳ್ಳುವ ಮುನ್ನ ಪ್ರತಿಯೊಬ್ಬರೂ ಅದನ್ನೊಮ್ಮೆ ನೆನೆಯಬೇಕೆಂದು ನನ್ನ ಆಸೆ.

ಸ್ಪ್ರೂಸ್ ನೋಡಲು ಸಪ್ಪೆ, ಬಿಳಿಚಿಕೊಂಡ ಮರ. ಚಳಿಯ ನಾಡಿನಲ್ಲಿ ನಿಧಾನವಾಗಿ ಬೆಳೆಯುವುದರಿಂದ ಅದರ ವರ್ಷದ ಗೆರೆಗಳು ಒತ್ತೊತ್ತಾಗಿರುತ್ತವೆ. ಹಗುರವಾಗಿದ್ದೂ ಉದ್ದಕ್ಕೆ ಬಿಗಿ. ಆ ಎರಡೂ ಗುಣ ಒಟ್ಟಿಗೆ ಬೇಕು. ಹಲಗೆಯ ಅಂಚಿನಲ್ಲಿ ಆ ಗೆರೆಗಳು ನೆಟ್ಟಗೆ ನಿಂತಿರಬೇಕು. ಓರೆಯಾಗಿದ್ದರೆ ಅಡ್ಡಡ್ಡಕ್ಕೆ ಬಿಗಿ ಕಡಿಮೆ. ಒಂದೇ ಹಲಗೆಯನ್ನು ಸೀಳಿ, ಪುಸ್ತಕ ಬಿಡಿಸಿದಂತೆ ಅಗಲಿಸಿ, ನಡುವೆ ಅಂಟಿಸುತ್ತಾರೆ.

ಇನ್ನು ಕಿವಿಯ ಕೆಲಸ. ಹಲಗೆಯ ಉದ್ದದಲ್ಲಿ ಮೇಲಿನಿಂದ ಕಾಲುಭಾಗದಷ್ಟು ಕೆಳಗೆ, ಅಂಚಿನ ಬಳಿ ಎರಡೇ ಬೆರಳಿನಲ್ಲಿ ಹಿಡಿದು ತೂಗಬಿಟ್ಟು, ನಡುವೆ ಗೆಣ್ಣಿನಿಂದ ತಟ್ಟಬೇಕು. ಒಳ್ಳೆಯ ಹಲಗೆ ತಟ್ಟಿದ ಮೇಲೂ ಗುನುಗುತ್ತದೆ. ಮಂಕು ಹಲಗೆ ದಬ್ಬೆಂದು ಸುಮ್ಮನಾಗುತ್ತದೆ. ಕೀಸುತ್ತಾ ಹೋದಂತೆ ದನಿ ಇಳಿಯುತ್ತದೆ. ಮೂರು ಮಿಲಿಮೀಟರಿಗೆ ಬಂದ ಮೇಲೆ ಪ್ರತಿ ಸುರುಳಿ ಹೊಟ್ಟಿಗೂ ನಿಂತು ತಟ್ಟಬೇಕು, ಬಗ್ಗಿಸಿ ನೋಡಬೇಕು. ಉಕ್ಕಿನ ತಂತಿಗಳು ಎಳೆಯುವ ಬಲ ಎಪ್ಪತ್ತು ಕಿಲೋ ತೂಕದ ಆಸುಪಾಸು. ಅದನ್ನು ತಾಳಬೇಕು, ಆದರೂ ನಡುಗಬೇಕು. ಅಳತೆಗೋಲು ಹೇಳಿದ್ದನ್ನು ಬಿಟ್ಟು ಬೆರಳು ಹೇಳಿದ್ದನ್ನು ಕೇಳುವ ಈ ಗಳಿಗೆಗಾಗಿಯೇ ನಾನು ಗಿಟಾರ್ ಮಾಡುವುದು.

ಮುಖದ ಹಲಗೆಗೆ ಒಳಗಿನಿಂದ ಆಸರೆ ಕೊಡುವ ಒಳಪಟ್ಟಿಗಳನ್ನು ಮಳೆಗಾಲದಲ್ಲಿ ಅಂಟಿಸಬಾರದು. ತೇವಕ್ಕೆ ಉಬ್ಬಿದ ಹಲಗೆ ಮಾರ್ಚಿನ ಒಣಹವೆಗೆ ಕುಗ್ಗಲು ಹೋಗಿ, ಪಟ್ಟಿ ಬಿಡದೆ, ಸೀಳುತ್ತದೆ. ಸಂಕ್ರಾಂತಿ ಕಳೆದ ಮೇಲೆ ಆ ಕೆಲಸಕ್ಕೆ ಕೂರುವುದು ಕ್ಷೇಮ.

ಬೆನ್ನಿಗೆ ಮಾತ್ರ ಈಗೀಗ ಬೀಟೆ ಬೇಡ ಅನಿಸುತ್ತಿದೆ. 2017ರಿಂದ ಆ ಮರದ ಇಡೀ ಕುಲ ಅಂತರರಾಷ್ಟ್ರೀಯ ವ್ಯಾಪಾರದ ನಿಗಾಪಟ್ಟಿಯಲ್ಲಿದೆ. ತಲೆಮಾರುಗಳಿಂದ ವೀಣೆಗೆ ಒದಗಿದ ಹಲಸು ನಮ್ಮ ಹಿತ್ತಿಲಲ್ಲೇ ಇರುವಾಗ ಗಿಟಾರಿಗೇಕೆ ಬೇಡ? ಬೀಟೆಗೆ ಹೋಗುವ ಹಣ ಉಳಿದರೆ ಇನ್ನೊಂದು ಜೊತೆ ಸ್ಪ್ರೂಸ್ ತರಿಸಬಹುದು; ತಟ್ಟಿ ಆರಿಸಲು ಎರಡಾದರೂ ಬೇಕು.