ಸಾಲದ ಪಟ್ಟಿ

ಸಾಲಗಾರನಿಗೆ ದೇವಾಲಯದ ಮುಂಬಾಗಿಲೂ ಅಂಜಿಕೆ ಹುಟ್ಟಿಸುತ್ತದೆ. ಅಂಗಡಿ ನಷ್ಟಕ್ಕಿಳಿದ ಮೇಲೆ ಎರಡು ವರ್ಷಕಾಲ ನಾನು ಭಾನುವಾರದ ಬಲಿಪೂಜೆ ಮುಗಿಯುವ ಮುನ್ನವೇ ಪಕ್ಕದ ಬಾಗಿಲಿನಿಂದ ಹೊರಬೀಳುತ್ತಿದ್ದೆ. ಕೈಗಡ ಕೊಟ್ಟವರು ಅಲ್ಲಿಯೇ ಕುಳಿತಿರುತ್ತಿದ್ದರು.

ಕೊನೆಗೆ ಪತ್ನಿಯ ಒತ್ತಾಯಕ್ಕೆ ಮಣಿದು ಆಕೆಯೊಡನೆ ವಕೀಲರನ್ನು ಕಂಡೆ. ಅವರು ಮೊದಲು ಕೇಳಿದ್ದು ಸಾಲದ ಪಟ್ಟಿಯನ್ನು. ಬರೆದುಕೊಟ್ಟೆ. "ಇಷ್ಟೇ ಏನು?" ಎಂದು ಮೂರು ಸಲ ಕೇಳಿದರು. ಮೂರನೆಯ ಸಲ, ಪತ್ನಿಯ ತಮ್ಮನಿಂದ ಗುಟ್ಟಾಗಿ ಪಡೆದ ಹಣವನ್ನೂ ಬರೆದೆ. ಆಕೆಗೆ ಅದು ತಿಳಿದದ್ದು ಆ ಕ್ಷಣದಲ್ಲೇ. ಪಾಪನಿವೇದನೆಯಲ್ಲೂ ನಾನು ಅಷ್ಟು ನಡುಗಿರಲಿಲ್ಲ.

ಅವರು ಕಾನೂನನ್ನು ವಿವರಿಸಿದರು. 1920ರ ಪ್ರಾಂತೀಯ ದಿವಾಳಿ ಕಾಯ್ದೆಯಂತೆ, ಸಾಲ ತೀರಿಸಲಾಗದವನು ತಾನೇ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬಹುದು. ಅವನ ಆಸ್ತಿ ಸಾಲ ಕೊಟ್ಟವರಿಗೆ ಹಂಚಿಕೆಯಾಗುತ್ತದೆ. ಆದರೆ ಅಡುಗೆಯ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣಗಳನ್ನು ಮುಟ್ಟುವಂತಿಲ್ಲ. ಮೋಸದಿಂದ ಆಸ್ತಿ ಮರೆಮಾಚಿದವನಿಗೆ ಶಿಕ್ಷೆಯುಂಟು. ಬೀಸುವ ಕಲ್ಲನ್ನು ಒತ್ತೆಯಿಟ್ಟುಕೊಳ್ಳಬಾರದೆಂಬ ಧರ್ಮೋಪದೇಶಕಾಂಡದ ವಿಧಿ ನನಗೆ ನೆನಪಾಯಿತು.

ನಮಗೆ ಅರ್ಜಿಯ ಅಗತ್ಯ ಬೀಳಲಿಲ್ಲ. ನಿವೇಶನ ಮಾರಿ, ಉಳಿದುದನ್ನು ಕಂತುಗಳಲ್ಲಿ ಸಲ್ಲಿಸುವಂತೆ ವಕೀಲರು ಎಲ್ಲರನ್ನೂ ಒಪ್ಪಿಸಿದರು. ಸಾಲ ಕೊಟ್ಟವರೂ ಶ್ರೀಮಂತರಲ್ಲ. ಅವರ ತಾಳ್ಮೆ ನನ್ನ ಹಕ್ಕಾಗಿರಲಿಲ್ಲ, ಅದು ಅವರ ಔದಾರ್ಯ.

ನಿಮ್ಮಲ್ಲಿ ಯಾರಾದರೂ ಇಂಥ ಸಂಕಟದಲ್ಲಿದ್ದರೆ ತಡಮಾಡಬೇಡಿ. ಮಹಿಳೆಯರಿಗೂ ಅಲ್ಪ ಆದಾಯದವರಿಗೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವು ಉಚಿತವಾಗಿ ವಕೀಲರನ್ನು ಒದಗಿಸುತ್ತದೆ. ಪೂಜೆ ಮುಗಿಯುವ ಮುನ್ನವೇ ಎದ್ದು ಹೋಗುವವರನ್ನು ಕಂಡರೆ, ದಯವಿಟ್ಟು ಒಮ್ಮೆ ಅವರ ಮನೆಗೆ ಹೋಗಿ ಮಾತನಾಡಿಸಿ.