ಕೈಕಾಲು ತಿಕ್ಕಿದ್ರೇನೋ?

2016ರ ಫೆಬ್ರವರಿಯ ಆ ವಾರ ನಮ್ಮ ಮನೆಯ ಟೀವಿ ಆರಿದ್ದೇ ಇಲ್ಲ. ಸಿಯಾಚಿನ್‌ನಲ್ಲಿ ಹಿಮಕುಸಿತಕ್ಕೆ ಸಿಕ್ಕ ಹತ್ತು ಸೈನಿಕರಲ್ಲಿ ನಮ್ಮ ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಆರನೇ ದಿನ ಜೀವಂತ ಸಿಕ್ಕಿದ್ದರು! ಅವ್ವ ದೇವರಿಗೆ ದೀಪ ಹಚ್ಚಿ ಬಂದು ಕೇಳಿದ್ದು ಒಂದೇ. “ಕೈಕಾಲು ತಿಕ್ಕಿದ್ರೇನೋ? ಬಿಸಿ ಏನಾರ ಕುಡಿಸಿದ್ರೇನು?”

“ಅಲ್ಲೆ ದೊಡ್ಡ ಡಾಕ್ಟರು ಇರ್ತಾರ ಬಿಡವ್ವಾ” ಅಂದಿದ್ದೆ.

ಮೊನ್ನೆ ಒಂದು ಹಳೇ ಚಿತ್ರ ನೋಡಿದಾಗ ಅವ್ವನ ಪ್ರಶ್ನೆ ನೆನಪಾಯ್ತು. ಎಡ್ವಿನ್ ಲ್ಯಾಂಡ್‌ಸೀರ್ ಅನ್ನೋ ಇಂಗ್ಲಿಷ್ ಹುಡುಗ 1820ರಲ್ಲಿ ಬರೆದದ್ದು. ಆಲ್ಪ್ಸ್‌ನ ಹಿಮದಲ್ಲಿ ಹೂತವನನ್ನು ಎರಡು ದೊಡ್ಡ ನಾಯಿಗಳು ಅಗೆದು ತೆಗೆದಿವೆ. ಒಂದು ಅವನ ಕೈ ನೆಕ್ಕುತ್ತಿದೆ, ಇನ್ನೊಂದು ಬೊಗಳಿ ಜನರನ್ನು ಕರೆಯುತ್ತಿದೆ. ಕೊರಳಲ್ಲಿ ಬ್ರಾಂದಿಯ ಪುಟ್ಟ ಪೀಪಾಯಿ ಬೇರೆ! (ಅಲ್ಲಿನ ಸೇಂಟ್ ಬರ್ನಾರ್ಡ್ ಮಠದ ನಾಯಿಗಳು ಪೀಪಾಯಿ ಹೊತ್ತಿದ್ದು ಬರೀ ಕಥೆಯಂತೆ. ಚಿತ್ರ ಮಾತ್ರ ಜನರ ತಲೆಯಲ್ಲಿ ಉಳೀತು.)

ಆ ಕಾಲದ ಉಪಚಾರ ಅಂದ್ರೆ ಇದೇ, ಕುಡಿಸು, ತಿಕ್ಕು. ಅದೂ ಹಿಮದಿಂದಲೇ ತಿಕ್ಕು! 1812ರಲ್ಲಿ ರಷ್ಯಾದಿಂದ ಹಿಮ್ಮೆಟ್ಟುವಾಗ ನೆಪೋಲಿಯನ್ನನ ಸೈನ್ಯದ ವೈದ್ಯ ಲಾರೇ, ಮರಗಟ್ಟಿದ ಕೈಕಾಲನ್ನು ಬೆಂಕಿಗೆ ಹಿಡಿದವರ ಗತಿ ನೋಡಿ ಈ ಮದ್ದು ಹೇಳಿದ. ನೂರು ವರ್ಷಕ್ಕೂ ಹೆಚ್ಚು ಅದೇ ನಡೀತು. ಕಂಡದ್ದು ಸರಿ, ಮದ್ದು ತಪ್ಪು. ತಿಕ್ಕಿದರೆ ಮರಗಟ್ಟಿದ ಚರ್ಮ ಇನ್ನಷ್ಟು ಹಾಳಾಗುತ್ತೆ. ಬ್ರಾಂದಿ ಮೈಯೊಳಗಿನ ಕಾವನ್ನು ಹೊರಗೆ ಬಿಡುತ್ತೆ. ತೀರಾ ತಣ್ಣಗಾದವರನ್ನು ಜೋರಾಗಿ ಅಲುಗಾಡಿಸಿದರೂ ಸಾಕು, ಹೃದಯದ ಬಡಿತ ದಾರಿ ತಪ್ಪಬಹುದು.

ಅಸಲಿಗೆ ಹೂತವರಲ್ಲಿ ಹೆಚ್ಚಿನವರು ಸಾಯೋದು ಚಳಿಯಿಂದಲ್ಲ, ಉಸಿರುಕಟ್ಟಿ. ಸ್ವಿಟ್ಜರ್‌ಲೆಂಡಿನ ಅಪಘಾತಗಳ ಲೆಕ್ಕ 1994ರಲ್ಲಿ ಪ್ರಕಟವಾಯ್ತು. 15 ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಜನ ಬದುಕುತ್ತಾರೆ, 35 ನಿಮಿಷ ಆದರೆ ಮೂರೇ ಜನ. ಹಾಗಾಗಿ ಮೊದಲು ಬಾಯಿ, ಮೂಗಿನ ಹಿಮ ತೆಗೆದು ಉಸಿರು ಕೊಡಬೇಕು. ಆಮೇಲೂ ಉಳಿಯೋದು ಮುಖದ ಮುಂದೆ ಒಂದಿಷ್ಟು ಗಾಳಿ ಸಿಕ್ಕವರು. ಇನ್ನು ಆರು ದಿನ ಅಂದ್ರೆ... ನೀವೇ ಯೋಚಿಸಿ.

ಮೈ ಬೆಚ್ಚಗಾಗುತ್ತಾ, ತಣ್ಣಗಿದ್ದ ಭಾಗಗಳಿಗೆ ಮತ್ತೆ ರಕ್ತ ಹರಿಯುವಾಗಲೇ ತೊಂದರೆಗಳು ಏಳುತ್ತವೆ, ಮುಂದಿನ 24ರಿಂದ 48 ಗಂಟೆ ಕಷ್ಟದ್ದು ಅಂತ ದೆಹಲಿಯ ವೈದ್ಯರು ಅವತ್ತೇ ಹೇಳಿದ್ದರು. ಬೆಚ್ಚಗಾಗೋದೂ ಅಪಾಯವೇ ಅನ್ನೋದು ಆಗ ನನ್ನ ತಲೆಗೆ ಹೋಗಿರಲಿಲ್ಲ. ಫೆಬ್ರವರಿ 11ಕ್ಕೆ ಹನುಮಂತಪ್ಪ ತೀರಿಕೊಂಡರು.

ನಿನ್ನೆ ಫೋನ್ ಮಾಡಿ ಇದನ್ನೆಲ್ಲ ಅವ್ವನಿಗೆ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಕೇಳಿದಳು, “ಹಂಗಾದ್ರ ಅವ್ನ ತಾಯಿ ಬಾಜೂಕ ಇದ್ರೂ ಕೈಕಾಲು ತಿಕ್ಕಂಗಿರಲಿಲ್ಲೇನು?”